ಗಿಟಾರಿನ ಕಾಯಿಲು ಸುತ್ತಿದ ದಿನ

ಮಕ್ಕಳೇ, ಹೋದ ಬೇಸಗೆ ರಜೆಯಲ್ಲಿ ನೀವಿಬ್ಬರೂ ನನ್ನ ಎರಡೂ ಪಕ್ಕದಲ್ಲಿ ಮಲಗಿಕೊಂಡು, "ಅಜ್ಜಿ, ನೀನು ದೆವ್ವ ನೋಡಿದೀಯಾ?" ಎಂದು ಕೇಳಿದಿರಿ. "ಇಲ್ಲ, ಮಲಗಿ" ಎಂದೆ. ಅದು ನಿಜ. ನಾನು ನೋಡಿಲ್ಲ. ಆದರೆ ನಿನಗೆ ಅರ್ಥವಾಗದ್ದು ಏನಾದರೂ ನಡೆದಿದೆಯಾ ಎಂದು ಕೇಳಿದ್ದರೆ ನನಗೆ ಇಲ್ಲ ಎನ್ನಲು ಆಗುತ್ತಿರಲಿಲ್ಲ. ಎದುರು ಕೂತು ಹೇಳುವುದು ನನಗೆ ಮೊದಲಿನಿಂದಲೂ ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ.

ದೆವ್ವ, ಭೂತ, ಮಾಟ ಇವನ್ನೆಲ್ಲ ನಾನು ನಂಬಿದವಳಲ್ಲ. ನಿಮ್ಮ ಅಜ್ಜನ ಜೊತೆ ಸಂಸಾರ ಮಾಡಿದವರಿಗೆ ಅದನ್ನು ನಂಬಲು ಪುರುಸೊತ್ತೇ ಸಿಗುತ್ತಿರಲಿಲ್ಲ. ಅವರು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಕೆಲಸದವರು. ಕಣ್ಣಿಗೆ ಕಾಣದೆ ಮನುಷ್ಯನನ್ನು ಹಿಡಿಯುವಂಥದ್ದು ಲೋಕದಲ್ಲಿ ಒಂದೇ, ಅದು ಕರೆಂಟು ಎನ್ನುತ್ತಿದ್ದರು. ಒಮ್ಮೆ ಬಸ್ ಡ್ರೈವರೊಬ್ಬರು ಅಂಗಡಿಗೆ ಬಂದು, ಹುಲಿಕಲ್ ಘಾಟಿಯಲ್ಲಿ ಬಿಳಿ ಸೀರೆಯ ಹೆಂಗಸು ಕೈ ಅಡ್ಡ ಹಿಡಿದಳು, ನಿಲ್ಲಿಸದೆ ಓಡಿಸಿಕೊಂಡು ಬಂದೆ ಎಂದು ನಡುಗುತ್ತಾ ಹೇಳಿದರು. ನಿಮ್ಮ ಅಜ್ಜ ತಲೆ ಎತ್ತದೆ, "ನಿಲ್ಲಿಸ್ಬೇಕಿತ್ತು ಮಾರಾಯ. ಟಿಕೆಟ್ ಕಲೆಕ್ಷನ್ ಆದ್ರೂ ಆಗ್ತಿತ್ತು" ಎಂದರು. ಒಳಗಿದ್ದ ನಾನೂ ನಕ್ಕಿದ್ದೆ. ಅಂಥ ಮನೆ ನಮ್ಮದು.

ಹೊಸನಗರದಲ್ಲಿ ಈಗ ನಾನಿರುವ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಪಂಪ್‌ಸೆಟ್ಟು, ಫ್ಯಾನು, ಮಿಕ್ಸಿ ಎಲ್ಲ ಬರುತ್ತಿದ್ದವು. ಆದರೆ ಅವರ ಹೆಸರು ಇದ್ದದ್ದು ಬೇರೆ ಕೆಲಸಕ್ಕೆ. ಮೈಕ್‌ಸೆಟ್ಟಿನವರ ಹಾರ್ನ್ ಒಳಗೆ ಒಂದು ಸಣ್ಣ ಕಾಯಿಲು, ಅಂದರೆ ತಂತಿಯ ಸುರುಳಿ, ಇರುತ್ತದೆ. ತಲೆಗೂದಲಿನಂಥ ತಾಮ್ರದ ತಂತಿ, ಜೋರಾಗಿ ಉಸಿರು ಬಿಟ್ಟರೆ ಹಾರುತ್ತದೆ. ಅದು ಸುಟ್ಟರೆ ಸಾಗರದಿಂದಲೂ ತೀರ್ಥಹಳ್ಳಿಯಿಂದಲೂ ನಮ್ಮಲ್ಲಿಗೆ ತರುತ್ತಿದ್ದರು. ಆ ಕೆಲಸಕ್ಕೆ ಇಬ್ಬರು ಬೇಕು. ನಿಮ್ಮ ಅಜ್ಜ ಒಂದು ಹಳೆಯ ಹೊಲಿಗೆ ಮಿಷನ್ನಿನ ಹ್ಯಾಂಡಲ್ಲನ್ನೇ ತಿದ್ದಿ ಕಾಯಿಲು ಸುತ್ತುವ ಯಂತ್ರ ಮಾಡಿಕೊಂಡಿದ್ದರು. ಹ್ಯಾಂಡಲ್ ತಿರುಗಿಸುವವಳು ನಾನು. ತಂತಿಯನ್ನು ಎರಡು ಬೆರಳ ನಡುವೆ ಹಿಡಿದು, ಅತ್ತಿತ್ತ ಸರಿಸುತ್ತಾ, ಬಾಯಲ್ಲಿ ಸುತ್ತು ಎಣಿಸುವವರು ಅವರು.

ನೂರು ಆದಾಗ ಅವರು ನೂರು ಎನ್ನುತ್ತಿರಲಿಲ್ಲ. "ಬೀಜ" ಎನ್ನುತ್ತಿದ್ದರು. ನಾನು ಬಲಗೈ ನಿಲ್ಲಿಸದೆ, ಎಡಗೈಯಿಂದ ಬಟ್ಟಲಲ್ಲಿದ್ದ ಒಂದು ಹುಣಸೆ ಬೀಜ ತೆಗೆದು ಪಕ್ಕದ ಬಟ್ಟಲಿಗೆ ಹಾಕಬೇಕು. ಅವರು ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು. ಹಳೆಯ ಕಾಯಿಲು ಬಿಚ್ಚುವಾಗ ಎಷ್ಟು ಬೀಜ ಆಗಿತ್ತೋ ಅಷ್ಟನ್ನೇ ಬಟ್ಟಲಿಗೆ ಹಾಕಿ ಹೊಸದು ಸುತ್ತಲು ಕೂರುತ್ತಿದ್ದೆವು. ಬಟ್ಟಲು ಬರಿದಾದರೆ ಕೆಲಸ ಮುಗಿದಂತೆ. ತೊಂಬತ್ತು ದಾಟಿದ ಮೇಲೆ ಅವರ ದನಿ ತಗ್ಗುತ್ತಿತ್ತು, ಸ್ವಲ್ಪ ಅವಸರವೂ ಆಗುತ್ತಿತ್ತು, ಮನೆ ಕಂಡ ಮೇಲೆ ಎತ್ತು ಬೇಗ ಹೆಜ್ಜೆ ಹಾಕುವಂತೆ. ಎಣಿಸಲು ಒಂದು ಮೀಟರು ಹಾಕಿಸಬಹುದಲ್ಲ ಎಂದು ನಾನು ಕೇಳಿದ್ದೆ. "ಮೀಟರು ಬಂದ್ರೆ ನೀನು ಅಡುಗೆ ಮನೆಗೆ ಹೋಗ್ತೀಯ. ಇಲ್ಲಿ ನನ್ನ ಹತ್ರ ಯಾರು ಕೂರ್ತಾರೆ?" ಎಂದರು. ಲೆಕ್ಕ ತಪ್ಪಬಾರದೆಂದು ಆ ಹೊತ್ತಿಗೆ ಅಂಗಡಿಯ ಬಾಗಿಲು ಹಾಕಿಬಿಡುತ್ತಿದ್ದೆವು. ಹೀಗಾಗಿ ನಾವು ಹೇಗೆ ಸುತ್ತುತ್ತೇವೆಂದು ಹೊರಗಿನವರು ಕಂಡಿರಲಿಲ್ಲ. ಕಾಣಬೇಕಾದಂಥ ವಿಷಯವೂ ಅದಲ್ಲ.

ಒಂದು ಬೆಳಗ್ಗೆ ಸ್ನಾನಕ್ಕೆ ಹೋದವರು ಬಚ್ಚಲಿನಲ್ಲೇ ಕುಸಿದರು. ನೀವು ಆಗ ಇನ್ನೂ ಹುಟ್ಟಿರಲಿಲ್ಲ. ಅವರು ಹೋದ ಮೇಲೆ ನಾನು ಅಂಗಡಿ ಮುಚ್ಚಲಿಲ್ಲ. ಫ್ಯಾನು, ಮಿಕ್ಸಿ ಮಾತ್ರ ತೆಗೆದುಕೊಳ್ಳುತ್ತಿದ್ದೆ. ಸಣ್ಣ ತಂತಿಯ ಕೆಲಸ ಬಂದರೆ ಆಗುವುದಿಲ್ಲ ಎಂದು ಕಳಿಸುತ್ತಿದ್ದೆ. ಒಬ್ಬರಿಂದ ಆಗುವ ಕೆಲಸ ಅದಲ್ಲ. ಆ ಯಂತ್ರದ ಮೇಲೆ ಒಂದು ಹಳೆಯ ಪಂಚೆ ಹೊದಿಸಿಟ್ಟಿದ್ದೆ.

ಹಾಗೆ ಕೆಲವು ವರ್ಷ ಕಳೆದವು. ದೀಪಾವಳಿ ಮುಗಿದು ಬೆಳಗಿನ ಚಳಿ ಶುರುವಾಗಿದ್ದ ದಿನಗಳಲ್ಲಿ ತೀರ್ಥಹಳ್ಳಿಯಿಂದ ನಾಗೇಂದ್ರ ಬಂದರು. ಅವರದ್ದು ಅಲ್ಲಿ ಮೈಕ್‌ಸೆಟ್ಟಿನ ಅಂಗಡಿ, ಹಿಂದೆ ಹಾರ್ನ್ ರಿಪೇರಿಗೆ ಕೊಟ್ಟುಹೋಗುತ್ತಿದ್ದ ಪರಿಚಯ. ಅವರ ಕೈಯಲ್ಲಿ ಉದ್ದನೆಯ ಕಪ್ಪು ಪೆಟ್ಟಿಗೆ ಇತ್ತು. ಹಿಂದೆ ನನ್ನಷ್ಟೇ ವಯಸ್ಸಿನ, ತೆಳ್ಳಗಿನ ಹೆಂಗಸೊಬ್ಬರು ಇದ್ದರು. "ನಮ್ಮ ಅತ್ತೆ, ಸುಶೀಲಮ್ಮ ಅಂತ" ಎಂದು ನಾಗೇಂದ್ರ ಹೇಳಿದರು. ಪೆಟ್ಟಿಗೆ ತೆರೆದಾಗ ಒಳಗೆ ಗಿಟಾರು ಇತ್ತು.

"ನಾನು ಫ್ಯಾನು, ಮಿಕ್ಸಿ ನೋಡೋಳು. ಇದನ್ನ ಯಾಕೆ ತಂದ್ರಿ?" ಎಂದೆ.

"ನಾವೂ ಹಂಗೇ ಅಂದ್ಕೊಂಡ್ವಿ ಅಮ್ಮ. ಆದ್ರೆ ಇದರ ಹೊಟ್ಟೇಲೂ ನಿಮ್ಮ ಕಾಯಿಲೇ ಇರೋದು" ಎಂದು ನಾಗೇಂದ್ರ ನಕ್ಕರು.

ಅದು ಕರೆಂಟಿನ ಗಿಟಾರು. ಮೀಟುವ ತಂತಿಗಳ ಕೆಳಗೆ ಅಯಸ್ಕಾಂತವಿದ್ದು, ಅದರ ಸುತ್ತ ಕಾಯಿಲು ಇರುತ್ತದೆ. ತಂತಿ ನಡುಗಿದ್ದನ್ನು ಆ ಕಾಯಿಲು ಹಿಡಿದು ಸೌಂಡ್ ಬಾಕ್ಸಿಗೆ ಕಳಿಸುತ್ತದೆ. ಕಾಯಿಲು ಸತ್ತರೆ ಗಿಟಾರು ಮೂಕ. ಇದು ಬಹಳ ಹಳೆಯದು, ಹೊರದೇಶದ್ದು. ಬಾರಿಸುವವರ ತೋಳು ತಾಗಿ ತಾಗಿ ಒಂದು ಅಂಚಿನ ಕೆಂಪು ಬಣ್ಣವೆಲ್ಲ ಸವೆದು ಒಳಗಿನ ಮರ ಹೊಳೆಯುತ್ತಿತ್ತು.

ಅದು ಸುಶೀಲಮ್ಮನ ಗಂಡನದು. ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ, ಸುಶೀಲಮ್ಮನಿಗೆ ಅದು ಇಷ್ಟವಿಲ್ಲ. ನಾನು ಮಾಸ್ತರರು ಎನ್ನುತ್ತೇನೆ. ತೀರ್ಥಹಳ್ಳಿಯ ಆಚೆಯ ಒಂದು ಹಳ್ಳಿಯಿಂದ ಚಿಕ್ಕಂದಿನಲ್ಲೇ ಮದ್ರಾಸಿಗೆ ಹೋಗಿ ಸಿನಿಮಾ ಹಾಡುಗಳಿಗೆ ಗಿಟಾರು ನುಡಿಸಿ ದೊಡ್ಡ ಹೆಸರು ಮಾಡಿದವರು. ನಾನು ಮದುವೆಗೆ ಮುಂಚೆ ರೇಡಿಯೋದಲ್ಲಿ ಕೇಳುತ್ತಿದ್ದ ಎಷ್ಟೋ ಹಾಡುಗಳಲ್ಲಿ ಅವರ ಕೈ ಇತ್ತಂತೆ. ವಯಸ್ಸಾದ ಮೇಲೆ ತೀರ್ಥಹಳ್ಳಿಗೆ ಬಂದು ಸಣ್ಣ ಮನೆ ಮಾಡಿಕೊಂಡಿದ್ದರು. ಆ ವರ್ಷ ಅವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿತ್ತು. ಮಾತೂ ನಿಂತಿತ್ತು. ಹೃದಯವೂ ಸೋತಿದೆ, ಹೆಚ್ಚು ದಿನ ಇರುತ್ತಾರೆಂದು ಹೇಳಲಾರೆ ಎಂದು ಡಾಕ್ಟರು ಹೇಳಿದ್ದರಂತೆ.

ಕಾಯಿಲು ಹೇಗೆ ಹೋಯಿತೆಂದು ಕೇಳಿದೆ. ನಾಗೇಂದ್ರ ಬಾಯಿ ಬಿಡುವ ಮೊದಲೇ ಸುಶೀಲಮ್ಮ ಹೇಳಿದರು.

"ನನ್ನಿಂದ್ಲೇ ಅಕ್ಕ. ಅವ್ರು ಆರೋಗ್ಯವಾಗಿದ್ದಾಗ ಇದಕ್ಕೆ ಒಂದು ಬೊಟ್ಟು ಕುಂಕುಮ ಇಡೋಕೂ ಬಿಡ್ತಿರ್ಲಿಲ್ಲ. ಈ ಸಲ ಆಯುಧ ಪೂಜೆಗೆ, ಪೂಜೆ ಮಾಡಿದ್ರಾದ್ರೂ ಅವ್ರ ಕೈ ಬರ್ತದೇನೋ ಅಂತ ಹೊರಗೆ ತಂದೆ. ಹೂವು ಇಟ್ಟೆ, ಅರಿಶಿನ ನೀರು ಚಿಮುಕಿಸ್ದೆ. ಇದರ ಮುಂದೇನೇ ಕಾಯಿ ಒಡೆದೆ. ನೀರೆಲ್ಲ ಒಳಗೆ ಇಳೀತು. ಒರೆಸ್ದೆ, ಅಷ್ಟೇ. ಒಳಗೆ ಹೋಗಿದ್ದು ನಂಗೇನು ಗೊತ್ತು?"

ಮಾಸ್ತರರು ದಿನಾ ಸಂಜೆ ಎಡಗೈ ಎತ್ತಿ ಗಿಟಾರಿನ ಪೆಟ್ಟಿಗೆ ತೋರಿಸುತ್ತಿದ್ದರಂತೆ. ಒಂದು ದಿನ ನಾಗೇಂದ್ರರು ಸೌಂಡ್ ಬಾಕ್ಸು ತಂದು ಜೋಡಿಸಿ, ಮಂಚದ ಪಕ್ಕದಲ್ಲಿ ಕೂತು ತಂತಿ ಮೀಟಿದರೆ ಸದ್ದೇ ಬರಲಿಲ್ಲ. ಮಾಸ್ತರರು ಸ್ವಲ್ಪ ಹೊತ್ತು ನೋಡಿ ಗೋಡೆಯ ಕಡೆಗೆ ಮುಖ ತಿರುಗಿಸಿದರು. ಅವತ್ತಿನಿಂದ ಗಂಜಿಗೂ ಸರಿಯಾಗಿ ಬಾಯಿ ತೆರೆಯುತ್ತಿಲ್ಲ. ಬೆಂಗಳೂರಿನಲ್ಲಿ ವಿಚಾರಿಸಿದಾಗ ಹೊಸ ಕಾಯಿಲು ಹಾಕಿಕೊಡುತ್ತೇವೆ, ಆದರೆ ದನಿ ಬೇರೆಯಾಗುತ್ತದೆ ಎಂದರಂತೆ. ಹಳೆಯ ದನಿ ಬೇಕಾದರೆ ಇದೇ ಅಯಸ್ಕಾಂತದ ಮೇಲೆ, ಇದ್ದಷ್ಟೇ ಸುತ್ತು, ಇಂಥದೇ ತಂತಿಯಲ್ಲಿ ಸುತ್ತಬೇಕು.

"ಬೇರೆ ದನಿ ಬಂದ್ರೆ ಅವ್ರಿಗೆ ಗೊತ್ತಾಗಿಬಿಡುತ್ತೆ ಅಕ್ಕ. ಹೋಗೋಕೆ ಮುಂಚೆ ಒಂದ್ಸಲ ಇದೇ ದನಿ ಕೇಳಿದ್ರೆ ಸಾಕು ನಂಗೆ. ನಾನು ಹಾಳು ಮಾಡಿದ್ನಲ್ಲ" ಎಂದರು ಸುಶೀಲಮ್ಮ.

ಆಗುವುದಿಲ್ಲ ಎನ್ನಬೇಕೆಂದೇ ಬಾಯಿ ತೆರೆದೆ. ಅವರು ನನ್ನ ಕೈ ಹಿಡಿದುಕೊಂಡಿದ್ದರು. ಮಾಡಿ ನೋಡುತ್ತೇನೆ ಎಂದುಬಿಟ್ಟೆ.

ನಾಗೇಂದ್ರರು ಗಿಟಾರಿನಿಂದ ಕಾಯಿಲನ್ನು ಕಳಚಿ ನನಗೆ ಕೊಟ್ಟು ಗಿಟಾರು ವಾಪಸ್ ತೆಗೆದುಕೊಂಡು ಹೋದರು. ಆಮೇಲೆ ಬೆಂಗಳೂರಿನಿಂದ ತಂತಿಯ ಉರುಳೆ ತರಿಸಿಕೊಟ್ಟರು. ಸಿಕ್ಕಿದ್ದು ಒಂದೇ. ನಡುವೆ ಕಡಿದುಹೋದರೆ, ಲೆಕ್ಕ ತಪ್ಪಿ ಬಿಚ್ಚಬೇಕಾದರೆ, ಇನ್ನೊಂದು ಬರುವವರೆಗೆ ಕಾಯಬೇಕು. ಅಷ್ಟು ದಿನ ಮಾಸ್ತರರು ಇರುತ್ತಾರೆಂದು ಹೇಳುವವರು ಯಾರೂ ಇರಲಿಲ್ಲ.

ಹಳೆಯ ಕಾಯಿಲು ಬಿಚ್ಚುವುದಕ್ಕೇ ಒಂದು ದಿನ ಹೋಯಿತು. ಕಾಯಿ ನೀರಿನ ಜಿಡ್ಡು ಹಿಡಿದು ತಂತಿಯೆಲ್ಲ ಹಸಿರು ಕಿಲುಬು ಕಟ್ಟಿತ್ತು, ತುಂಡು ತುಂಡಾಗಿ ಬಂತು. ಆದರೂ ಲೆಕ್ಕ ಸಿಕ್ಕಿತು. ಅಷ್ಟು ಬೀಜಗಳನ್ನು ಬಟ್ಟಲಿನಲ್ಲಿ ಹಾಕಿಟ್ಟೆ.

ಮಾರನೆಯ ದಿನ ತಿಂಡಿ ಮುಗಿಸಿ, ಪಾತ್ರೆ ತೊಳೆದು, ಅಂಗಡಿಯ ಬಾಗಿಲು ಹಾಕಿ ಕೂತೆ. ಬಿಸಿಲು ಕಿಟಕಿಯಿಂದ ನೇರ ಯಂತ್ರದ ಮೇಲೆ ಬೀಳುತ್ತಿತ್ತು. ಹೆದರಿಕೆಯಾಗುವ ಹೊತ್ತಲ್ಲ ಅದು. ಹೊರಗೆ ರಸ್ತೆಯಲ್ಲಿ ಮೀನು ಮಾರುವವನ ಹಾರ್ನ್ ಕೇಳುತ್ತಿತ್ತು. ಬಲಗೈಯಲ್ಲಿ ಹ್ಯಾಂಡಲ್ ತಿರುಗಿಸುತ್ತಾ ಎಡಗೈ ಬೆರಳಿನಲ್ಲಿ ತಂತಿ ಸರಿಸುತ್ತಾ ಮನಸ್ಸಿನಲ್ಲೇ ಎಣಿಸಿದೆ. ನನಗೆ ಬಾಯಿಬಿಟ್ಟು ಎಣಿಸುವ ಅಭ್ಯಾಸ ಇಲ್ಲ, ಅದು ಯಾವಾಗಲೂ ಅವರ ಕೆಲಸವಾಗಿತ್ತು. ನೂರಾದಾಗ ಕೈ ನಿಲ್ಲಿಸಿ, ತಂತಿ ಸಡಿಲವಾಗದಂತೆ ಬೆರಳಿನಿಂದ ಒತ್ತಿ ಹಿಡಿದು, ಒಂದು ಬೀಜ ಆ ಕಡೆಗೆ ಹಾಕುತ್ತಿದ್ದೆ. ನಿಧಾನವಾಗಿಯಾದರೂ ಸಾಗುತ್ತಿತ್ತು.

ಅರ್ಧಕ್ಕಿಂತ ಹೆಚ್ಚು ಬೀಜಗಳು ಆ ಬಟ್ಟಲಿಗೆ ಹೋಗಿದ್ದವು. ಆಗ ಮೊಬೈಲು ಹೊಡೆದುಕೊಂಡಿತು. ಅದನ್ನು ಆರಿಸಿಡಬೇಕೆಂದು ನನಗೆ ನೆನಪೇ ಆಗಿರಲಿಲ್ಲ. ಎತ್ತಲಿಲ್ಲ. ನಿಂತಿತು, ಮತ್ತೆ ಹೊಡೆದುಕೊಂಡಿತು. ಮೂರನೆಯ ಸಲಕ್ಕೆ ನನ್ನ ಲೆಕ್ಕ ಕೈಬಿಟ್ಟು ಹೋಯಿತು. ಅರವತ್ತು ದಾಟಿತ್ತು ಎನ್ನುವುದು ಗೊತ್ತು. ಅದರ ಮೇಲೆ ಎಷ್ಟೆಂದು ಎಷ್ಟು ಯೋಚಿಸಿದರೂ ಬರಲಿಲ್ಲ. ತಂತಿ ಒತ್ತಿ ಹಿಡಿದುಕೊಂಡೇ ಬಲಗೈಯಿಂದ ಫೋನಿನ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟೆ.

ಸುಶೀಲಮ್ಮ.

"ಅಕ್ಕ, ಅವ್ರಿಗೆ ಮಾತು ಬಂತು."

ನನಗೆ ಸಂತೋಷವಾಯಿತು. ಒಳ್ಳೇದಾಯ್ತಲ್ಲ ಎಂದೆ.

"ಒಳ್ಳೇದೇ. ಆದ್ರೆ ಏನು ಹೇಳ್ತಿದಾರೋ ತಿಳೀತಿಲ್ಲ. ತಿಂಡಿ ಹೊತ್ತಿಂದ ಎಣಿಸ್ತಾ ಇದಾರೆ. ಒಂದು, ಎರಡು, ಮೂರು ಅಂತ. ಕಣ್ಣು ಮುಚ್ಕೊಂಡು. ನೂರು ಬಂದಾಗ ನೂರು ಅನ್ನಲ್ಲ, ಬೀಜ ಅಂತಾರೆ. ಮತ್ತೆ ಒಂದರಿಂದ ಶುರು. ಗಿಟಾರಿಂದೇ ಚಿಂತೆ ಅವ್ರಿಗೆ, ಅದಕ್ಕೆ ಕೇಳೋಣ ಅಂತ ಮಾಡ್ದೆ. ಗಿಟಾರಿನೊಳಗೆ ಬೀಜ ಅನ್ನೋದು ಏನಾದ್ರೂ ಇದ್ಯಾ ಅಕ್ಕ?"

ನಾನು ಬೀಜದ ಬಟ್ಟಲನ್ನು ನೋಡಿದೆ. "ಈಗಲೂ ಎಣಿಸ್ತಿದಾರಾ?" ಎಂದು ಕೇಳಿದೆ.

"ಇಲ್ಲ, ಈಗ ಫೋನ್ ಮಾಡೋ ಹೊತ್ತಿಗೆ ನಿಲ್ಲಿಸಿದ್ರು. ಅರವತ್ಮೂರು ಅಂದ್ರು, ಸುಮ್ಮನಾದ್ರು. ಬಾಯಿ ತೆರೆದೇ ಇಟ್ಕೊಂಡಿದಾರೆ, ಇನ್ನೂ ಹೇಳೋದು ಇರೋರ ಥರ."

ನನ್ನ ಕೈ ಹ್ಯಾಂಡಲ್ ಮೇಲಿತ್ತು. ಫೋನನ್ನು ಅವರ ಬಾಯಿಯ ಹತ್ತಿರ ಹಿಡಿಯಿರಿ ಎಂದು ಸುಶೀಲಮ್ಮನಿಗೆ ಹೇಳಿದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಮಂಚ ಕಿರುಗುಟ್ಟಿದ ಸದ್ದು, ಆಮೇಲೆ ರೋಗಿಯ ಭಾರವಾದ ಉಸಿರು ಕೇಳಿತು. ನಾನು ಹ್ಯಾಂಡಲನ್ನು ಒಂದು ಸುತ್ತು ತಿರುಗಿಸಿದೆ.

"ಅರವತ್ನಾಲ್ಕು" ಎಂದಿತು ಫೋನು.

ನಿಲ್ಲಿಸಿದೆ. ಉಸಿರು ಮಾತ್ರ ಕೇಳುತ್ತಿತ್ತು. ಬೇಕೆಂದೇ ಬಹಳ ಹೊತ್ತು ಸುಮ್ಮನೆ ಕೂತೆ. ಆ ಕಡೆಯೂ ಸುಮ್ಮನೆ. ಮತ್ತೆ ಒಂದು ಸುತ್ತು ತಿರುಗಿಸಿದೆ.

"ಅರವತ್ತೈದು."

ಮಕ್ಕಳೇ, ದನಿ ನಿಮ್ಮ ಅಜ್ಜನದಲ್ಲ. ಅದನ್ನು ನಾನು ಸ್ಪಷ್ಟವಾಗಿ ಹೇಳಬೇಕು. ಲಕ್ವ ಹೊಡೆದ ಮನುಷ್ಯನ ತೊದಲು ದನಿ, ಜೊಲ್ಲು ತುಂಬಿದ ಬಾಯಿ. ಎಷ್ಟೋ ಅಕ್ಷರಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ನಾನು ಆ ದನಿಯನ್ನು ಜನ್ಮದಲ್ಲಿ ಕೇಳಿರಲಿಲ್ಲ. ಎದ್ದು ಹೊರಗೆ ಓಡಿಹೋಗಬೇಕು ಅನ್ನಿಸಿತು. ಆದರೆ ಎದ್ದರೆ ತಂತಿ ಸಡಿಲವಾಗುತ್ತದೆ, ಇದ್ದದ್ದು ಒಂದೇ ಉರುಳೆ. ಕೂತೆ. ತಿರುಗಿಸಿದೆ. ಪ್ರತಿ ಸುತ್ತಿಗೂ ಒಂದು ಸಂಖ್ಯೆ ಬಂತು. ಬೇಗ ತಿರುಗಿಸಿದರೆ ಬೇಗ ಬಂತು, ನಿಧಾನ ಮಾಡಿದರೆ ನಿಧಾನವಾಗಿ ಬಂತು. ತೊಂಬತ್ತು ದಾಟಿದ ಮೇಲೆ ದನಿ ತಗ್ಗಿತು, ಅವಸರವಾಯಿತು. ಆಗ ಮಾತ್ರ ನನ್ನ ಕೈಯೇ ತಾನಾಗಿ ಬೇಗ ತಿರುಗಿತು, ಎಷ್ಟೋ ವರ್ಷ ತಿರುಗಿ ಅಭ್ಯಾಸವಾದದ್ದು.

"ಬೀಜ."

ನಾನು ಒಂದು ಬೀಜ ಆ ಬಟ್ಟಲಿಗೆ ಹಾಕಿದೆ. ಹಾಕುವವರೆಗೂ ಆ ದನಿ ಕಾಯಿತು.

ಆಮೇಲೆ ಹೆದರಿಕೆ ಹೋಯಿತು. ಎಲ್ಲಿ ಹೋಯಿತೆಂದು ಹೇಳಲಾರೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ತಂತಿ ಕಾಣುವಷ್ಟು ಕಂಡರೆ ಸಾಕು ಎಂದುಕೊಂಡು ತಿರುಗಿಸಿದೆ. ಫೋನಿನಿಂದ ನಡುನಡುವೆ ಸುಶೀಲಮ್ಮ ಬಿಕ್ಕುವ ಸದ್ದೂ ಕೇಳುತ್ತಿತ್ತು. ಗಂಡನಿಗೆ ಮಾತು ಬಂದಿದೆ ಎಂದು ಅವರ ಅಳು. ನನ್ನದು ಯಾವ ಅಳು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದೊಂದೇ ಬೀಜ ಹೋಗುತ್ತಾ ಬಂತು. ಕೊನೆಯ ಸಲ ತೊಂಬತ್ತೊಂಬತ್ತು ಆದ ಮೇಲೆ ಆ ದನಿ ಬೀಜ ಎನ್ನಲಿಲ್ಲ. "ಸಾಕು" ಎಂದಿತು. ಬಟ್ಟಲು ನೋಡಿದೆ. ಒಂದೇ ಬೀಜ ಉಳಿದಿತ್ತು. ಅದನ್ನು ತೆಗೆದು ಹಾಕಿದೆ.

ಸ್ವಲ್ಪ ಹೊತ್ತಿನ ಮೇಲೆ ಸುಶೀಲಮ್ಮ ಫೋನಿಗೆ ಬಂದು, "ನಿದ್ದೆ ಬಂತು ಅವ್ರಿಗೆ. ನಿಮಗೇನಾದ್ರೂ ಅರ್ಥ ಆಯ್ತಾ ಅಕ್ಕ?" ಎಂದರು. ಇಲ್ಲ ಎಂದೆ. ಬೇರೆ ಏನು ಹೇಳಬೇಕಿತ್ತು? ಕಾಯಿಲು ಸುತ್ತಿ ಆಯಿತು, ನಾಗೇಂದ್ರರನ್ನು ಕಳಿಸಿ ಎಂದಷ್ಟೇ ಹೇಳಿ ಫೋನ್ ಇಟ್ಟೆ. ಆ ಸಂಜೆ ಜೇನುಮೇಣ ಕರಗಿಸಿ ಕಾಯಿಲನ್ನು ಅದರಲ್ಲಿ ಅದ್ದಿ ಒಣಗಲು ತೂಗು ಹಾಕಿದೆ. ಮೇಣ ಕುಡಿದರೆ ತಂತಿ ಅಲುಗಾಡುವುದಿಲ್ಲ.

ನಾಗೇಂದ್ರರು ಬಂದಾಗ, ನಾನೂ ತೀರ್ಥಹಳ್ಳಿಗೆ ಬರುತ್ತೇನೆ ಎಂದೆ. ಅವರು ಆಶ್ಚರ್ಯದಿಂದ ನೋಡಿದರು. "ಅಮ್ಮ, ನೀವು ಬಸ್‌ಸ್ಟ್ಯಾಂಡಿಗೆ ಬರೋದಕ್ಕೇ ನಾಚ್ಕೊಳ್ಳೋರು. ನಮ್ಮ ಮೇಲೆ ನಂಬಿಕೆ ಇಲ್ವಾ? ಜೋಡಿಸೋದು ನಂಗೆ ಬರುತ್ತೆ ಮಾರಾಯ್ರೆ" ಎಂದರು. ಕಾಯಿಲು ಸರಿಯಾಗಿದೆಯೋ ಇಲ್ಲವೋ ಕೇಳಬೇಕು ಎಂದೆ. ಅದೂ ನಿಜವೇ.

ಮಾಸ್ತರರ ಮನೆ ಹೊಳೆಯ ಕಡೆಗಿನ ಒಂದು ಓಣಿಯಲ್ಲಿತ್ತು. ಮಂಚದ ಮೇಲೆ ಒಬ್ಬ ಎತ್ತರದ ಮನುಷ್ಯ ಮಲಗಿದ್ದರು, ಎದೆಗೂಡು ಮಾತ್ರ ಉಳಿದಿತ್ತು. ಕಾಯಿಲು ಸುತ್ತಿದ ದಿನದ ನಂತರ ಅವರು ಮತ್ತೆ ಒಂದು ಮಾತೂ ಆಡಿರಲಿಲ್ಲವಂತೆ. ಹೌದು ಎನ್ನುವುದಕ್ಕೆ ಕಣ್ಣು ಮುಚ್ಚುತ್ತಾರೆ, ಬೇಡ ಎನ್ನುವುದಕ್ಕೆ ಮುಖ ತಿರುಗಿಸುತ್ತಾರೆ ಎಂದು ಸುಶೀಲಮ್ಮ ಹೇಳಿದರು. ನಾಗೇಂದ್ರರು ಕಾಯಿಲು ಕೂರಿಸಿ, ಬೆಸುಗೆ ಹಾಕಿ, ತಂತಿ ಬಿಗಿ ಮಾಡಿ, ಸೌಂಡ್ ಬಾಕ್ಸಿಗೆ ಜೋಡಿಸಿದರು. ಸುಶೀಲಮ್ಮ ಕೈ ಮುಗಿದುಕೊಂಡು ನಿಂತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

ನಾಗೇಂದ್ರರು ಒಂದು ತಂತಿ ಮೀಟಿದರು. ಬಾಕ್ಸಿನಿಂದ ದಪ್ಪನೆಯ, ದುಂಡನೆಯ ದನಿ ಬಂತು. ನಾನು ಗಿಟಾರು ತಿಳಿದವಳಲ್ಲ. ಆದರೆ ಹುಡುಗಿಯಾಗಿದ್ದಾಗ ರೇಡಿಯೋದ ಮುಂದೆ ಕೂತಿದ್ದ ನೆನಪು ಒಮ್ಮೆಲೇ ಬಂತು. ಸುಶೀಲಮ್ಮ ಬಗ್ಗಿ, "ಅದೇ ದನಿಯಾ?" ಎಂದು ಕೇಳಿದರು. ಮಾಸ್ತರರು ಕಣ್ಣು ಮುಚ್ಚಿ ತೆರೆದರು. ಆಮೇಲೆ ಎಡಗೈ ಎತ್ತಿದರು.

ಗಿಟಾರನ್ನು ಅವರ ಮಗ್ಗುಲಿಗೆ ತಂದಿಟ್ಟೆವು. ಅವರ ಎಡಗೈ ಬೆರಳುಗಳು ಗಿಟಾರಿನ ಕತ್ತಿನ ಮೇಲೆ ತಂತಿಯನ್ನು ಹುಡುಕಿ ಒತ್ತಿದವು. ಮೀಟಲು ಬಲಗೈ ಇಲ್ಲ. ಅವರು ಸುಶೀಲಮ್ಮನನ್ನು ನೋಡಿದರು. "ನಂಗೆಲ್ಲಿ ಬರುತ್ತೆ? ಜನ್ಮದಲ್ಲಿ ಮುಟ್ಟೋಕೆ ಬಿಟ್ಟಿಲ್ಲ ನೀವು" ಎಂದರು ಅವರು ಅಳುತ್ತಾ, ನಗುತ್ತಾ. ಆದರೂ ಕೂತು ಮೀಟಿದರು. ಅವರು ಒತ್ತುವುದು, ಇವರು ಮೀಟುವುದು. ಹಾಡೇನೂ ಆಗಲಿಲ್ಲ. ಒಂದರ ಹಿಂದೆ ಒಂದು ಕೆಲವು ಸ್ವರಗಳು, ನಡುವೆ ಬಹಳ ಬಿಡುವು. ಮಾಸ್ತರರು ಬೆರಳು ತೆಗೆಯುವವರೆಗೂ ಯಾರೂ ಅಲುಗಾಡಲಿಲ್ಲ.

ಸಂಕ್ರಾಂತಿಗೆ ಮುಂಚೆ ಅವರು ತೀರಿಕೊಂಡರು. ಅಷ್ಟರಲ್ಲಿ ಇಬ್ಬರೂ ಇನ್ನೂ ಕೆಲವು ಸಂಜೆ ಹಾಗೆ ಕೂತಿದ್ದರೆಂದು ಸುಶೀಲಮ್ಮ ಆಮೇಲೆ ಹೇಳಿದರು.

ನಿಮ್ಮ ಅಮ್ಮನಿಗೆ ಈ ವಿಷಯ ಹೇಳಿದ್ದೇನೆ. ಮಾಸ್ತರರು ಯಾವಾಗಲೋ ನಮ್ಮ ಅಂಗಡಿಗೆ ಬಂದು ಅಪ್ಪ ಎಣಿಸುವುದನ್ನು ಕೇಳಿರಬಹುದು ಎಂದಳು. ನಾನು ಸುಶೀಲಮ್ಮನನ್ನು ಕೇಳಿದೆ. ಅವರಿಗೆ ತಿಳಿದಂತೆ ಮಾಸ್ತರರು ಹೊಸನಗರದಲ್ಲಿ ಬಸ್ಸಿನಿಂದ ಇಳಿದದ್ದೇ ಇಲ್ಲ. ಆದರೂ ಇರಬಹುದು. ಗಂಡಸರು ಹೋದ ಬಂದ ಜಾಗವೆಲ್ಲ ಹೆಂಡತಿಗೆ ಗೊತ್ತಿರುವುದಿಲ್ಲ. ಹ್ಯಾಂಡಲಿನ ಸದ್ದು ಫೋನಿನಲ್ಲಿ ಅವರಿಗೆ ಕೇಳಿಸಿ, ಆ ಲೆಕ್ಕಕ್ಕೆ ಸರಿಯಾಗಿ ಎಣಿಸಿರಬಹುದು ಎಂದೂ ನಿಮ್ಮ ಅಮ್ಮ ಹೇಳಿದಳು. ಸಂಗೀತದವರಿಗೆ ತಾಳ ಗೊತ್ತಿರುತ್ತದೆ, ಅದೂ ಆಗಬಹುದು. ಆದರೆ ಫೋನು ಬರುವ ಮೊದಲು ಅವರು ಎಣಿಸಿದ್ದು ಯಾವ ಸದ್ದು ಕೇಳಿ? ಬಟ್ಟಲಿನಲ್ಲಿ ಎಷ್ಟು ಬೀಜ ಇದೆಯೆಂದು ನಾನು ಯಾರಿಗೂ ಹೇಳಿರಲಿಲ್ಲ. ಸಾಕು ಎಂದದ್ದು ಹೇಗೆ? ನೀವು ವಿಜ್ಞಾನ ಓದುವವರು. ನಿಮಗೆ ಹೊಳೆದರೆ ನನಗೆ ಹೇಳಿ. ನನಗೇನೂ ಬೇಸರವಿಲ್ಲ.

ಒಂದು ಮಾತನ್ನು ಅವಳಿಗೂ ಹೇಳಿಲ್ಲ. ಅವತ್ತು ತೀರ್ಥಹಳ್ಳಿಯಲ್ಲಿ ಗಿಟಾರು ಪೆಟ್ಟಿಗೆಗೆ ಹೋದ ಮೇಲೆ ನಾಗೇಂದ್ರರು ಬಾಕ್ಸನ್ನು ಹೊರಗೆ ಹೊತ್ತರು, ಸುಶೀಲಮ್ಮ ಕಾಫಿ ಮಾಡಲು ಒಳಗೆ ಹೋದರು. ಕೋಣೆಯಲ್ಲಿ ನಾನೂ ಮಾಸ್ತರರೂ ಇಬ್ಬರೇ ಉಳಿದೆವು. ಪರಗಂಡಸರನ್ನು ನಾನಾಗಿ ಮಾತಾಡಿಸಿದವಳಲ್ಲ ನಾನು. ಮಂಚದ ಹತ್ತಿರ ಹೋದೆ. ಅವರು ನನ್ನನ್ನೇ ನೋಡುತ್ತಿದ್ದರು. ಎಣಿಸಿದ್ದು ಯಾರು, ಬೀಜದ ವಿಷಯ ಯಾರು ಹೇಳಿದರು ಎಂದು ಕೇಳಬೇಕೆಂದೇ ಅಷ್ಟು ದೂರ ಬಂದಿದ್ದೆ. ಬಾಯಿ ತೆರೆದಾಗ ಅದು ಬರಲಿಲ್ಲ.

"ಅವ್ರು ಚೆನ್ನಾಗಿದಾರಾ?" ಎಂದು ಕೇಳಿದೆ.

ಮಾಸ್ತರರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ತೆರೆಯುತ್ತಾರೆಂದು ಕಾದೆ. ಸುಶೀಲಮ್ಮ ಕಾಫಿ ಲೋಟ ಹಿಡಿದು ಬಂದರು. "ನೋಡಿ, ಮಲಗಿಬಿಟ್ರು" ಎಂದರು ಮೆಲ್ಲಗೆ. ಬಿಸಿ ಲೋಟವನ್ನು ಸೆರಗಿನಲ್ಲಿ ಹಿಡಿದುಕೊಂಡು, ಆ ಮುಚ್ಚಿದ ಕಣ್ಣುಗಳನ್ನೇ ನೋಡುತ್ತಾ ನಾನು ಕಾಫಿ ಕುಡಿದು ಮುಗಿಸಿದೆ. ನಾನು ಹೊರಡುವವರೆಗೂ ಅವು ತೆರೆಯಲಿಲ್ಲ.